ಪುಟ್ಟಮಲ್ಲಪ್ಪನ ಕಾಲಿನ ಕಟ್ಟು

ಗಾವಡಗೆರೆ
೨-೧೧-೧೯೩೬

ಚಿ|| ಮಂಗಳಗೌರಿಗೆ ಸೋದರಮಾವ ಪುಟ್ಟಮಲ್ಲಪ್ಪ ಮಾಡುವ ಆಶೀರ್ವಾದ.

ಈ ಮೈಸೂರು ಸೀಮೆಯಲ್ಲಿ ಚಿರತೆಯ ಕೆನ್ನೆಗೆ ಬಾರಿಸಿ, ಬುದ್ಧಿ ಹೇಳಿ, ಕಾಡಿಗೆ ವಾಪಸು ಕಳಿಸಿದ ಗಂಡಸು ಒಬ್ಬನೇ ಒಬ್ಬ. ಅವನು ಈಗ ಎಡಗಾಲನ್ನು ದಿಂಬಿನ ಮೇಲಿಟ್ಟುಕೊಂಡು ನಿನಗೆ ಕಾಗದ ಬರೆಯುತ್ತಿದ್ದಾನೆ. ಹೋದ ವಾರ ಬಿದಿರು ತರಲು ಹೆಗ್ಗಡದೇವನಕೋಟೆ ಕಡೆಗೆ ಗಾಡಿ ಹೊಡೆದುಕೊಂಡು ಹೋಗಿದ್ದೆ. ದಾರಿಯಲ್ಲಿ ಚಿರತೆ ಅಡ್ಡ ಬಂತು. ನಾನು ಗಾಡಿಯಿಂದ ಇಳಿದೆ. ಉಳಿದದ್ದನ್ನು ನೀನೇ ಊಹಿಸಿಕೊ. ಸೋತವರು ಹೋಗುವಾಗ ಬಾಗಿಲು ದಬ್ಬಿ ಹೋಗುವುದಿಲ್ಲವೇ, ಹಾಗೆ ಅದೂ ಹೋಗುವಾಗ ನನ್ನ ಮೊಣಕಾಲಿನ ಕೆಳಗೆ ಒಂದು ಗೀರು ಹಾಕಿ ಹೋಯಿತು. ಒಂದೇ ಸೀಳು, ಗೇಣುದ್ದ. ಮೂರು ಬಿಂದಿಗೆ ರಕ್ತ ಹೋಗಿರಬೇಕು. ನಿನ್ನ ಅತ್ತೆ ಸುನಂದಮ್ಮ ಅರಿಸಿನವನ್ನೂ ಕಾಫಿಪುಡಿಯನ್ನೂ ಒತ್ತಿ ಹಳೆ ಪಂಚೆ ಹರಿದು ಕಟ್ಟಿದ್ದಾಳೆ. ರಕ್ತಕ್ಕಿಂತ ಕೂಗಾಟವೇ ಹೆಚ್ಚು ಹೋಯಿತು ಎಂದು ಅವಳ ಅಂಬೋಣ. ಹೆಂಗಸರು, ಅಳತೆ ತಿಳಿಯುವುದಿಲ್ಲ.

ಈಗ ಮುಖ್ಯ ಮಾತು. ನಿಮ್ಮಪ್ಪ ಎದುರು ಜಗಲಿಯಲ್ಲಿ ಕೂತು ನನ್ನ ಕಾಲನ್ನು ನೋಡಿದರು.

"ಏನ್ಲಾ ಪುಟ್ಟಮಲ್ಲ, ಕಾಲ್ಗೇನಾಯ್ತು?"

"ಚಿರತೆ ಕಣ್ ಭಾವ."

"ಅದಕ್ಕೆ ಬೇರೆ ಊಟ ಸಿಗ್ನಿಲ್ವಾ?"

ಇಷ್ಟು ಹೇಳಿ ಸುಮ್ಮನಾಗಿದ್ದರೆ ನಾನೂ ನಗುತ್ತಿದ್ದೆ. ಆದರೆ ಮಾತು ನಿನ್ನ ಮೇಲೆ ತಿರುಗಿತು. "ಗೌರಿ ಸಂಕ್ರಾಂತಿಗೆ ಬತ್ತಾಳಲ್ಲ, ಬಂದೋಳ್ನ ಮತ್ತೆ ಕಳ್ಸಕ್ಕಿಲ್ಲ ಬುಡು. ಕಂಡೋರ ಗಾಯ ತೊಳ್ಯಕೆ ನನ್ ಮಗಳೇ ಬೇಕಿತ್ತಾ?" ಎಂದರು. ಮೈಸೂರಿನ ಆಸ್ಪತ್ರೆಗೆ ನರ್ಸ್ ಕೆಲಸ ಕಲಿಯಲು ನಿನ್ನನ್ನು ಕಳಿಸಿದ್ದು ನನ್ನ ಕಾಟ ತಡೆಯಲಾರದೆ ಎಂದು ಅವರಿಗೆ ಇನ್ನೂ ಸಿಟ್ಟು. ನೀನು ಹೋದಾಗಿನಿಂದ ನಿನಗೆ ಒಂದಕ್ಷರ ಬರೆದಿಲ್ಲವೆಂದು ನನಗೆ ಗೊತ್ತು.

ಅದಕ್ಕೇ ಕೇಳುತ್ತೇನೆ. ಈ ಗಾಯಕ್ಕೆ ಏನು ಮಾಡಬೇಕೆಂದು ಬರೆದು ಕಳಿಸು. ವಾಸಿಯಾದ ಕಾಲನ್ನು ನಿಮ್ಮಪ್ಪನ ಮುಂದೆ ಚಾಚಿ ನಿನ್ನ ಕಾಗದ ತೋರಿಸಿದರೆ ಅವರ ಬಾಯಿ ತಾನಾಗಿ ಮುಚ್ಚುತ್ತದೆ.

ಇತಿ, ಕೂಲಿಮಠದಲ್ಲಿ ನಾಲ್ಕು ವರ್ಷ ಓದಿ ಐಗಳಿಗೇ ಪಾಠ ಹೇಳಿಬಂದ
ನಿನ್ನ ಮಾವ, ಪುಟ್ಟಮಲ್ಲಪ್ಪ


ಮೈಸೂರು
೯-೧೧-೧೯೩೬

ಪೂಜ್ಯ ಮಾವನವರಿಗೆ ಗೌರಿಯ ನಮಸ್ಕಾರಗಳು.

ನಿಮ್ಮ ಕಾಗದವನ್ನು ನನ್ನ ಜೊತೆಯ ಹುಡುಗಿಯರಿಗೆಲ್ಲ ಓದಿ ಹೇಳಿದೆ. ಚಿರತೆಗೆ ಒಂದು ಪಂಜದಲ್ಲಿ ಎಷ್ಟು ಉಗುರು ಎಂದು ಅವರಲ್ಲೊಬ್ಬಳು ಕೇಳಿದಳು. ನಾನು ಮಾತು ಬದಲಿಸಿದೆ.

ಮಾಡಬೇಕಾದದ್ದು ಕಡಿಮೆ. ಕಾಫಿಪುಡಿ, ಅರಿಸಿನ ಇನ್ನು ಬೇಡ. ನೀರನ್ನು ಕುದಿಸಿ ಆರಿಸಿ ಒಮ್ಮೆ ತೊಳೆಯಿರಿ. ಬಿಳಿ ಬಟ್ಟೆಯನ್ನು ಕುದಿಸಿ ಬಿಸಿಲಲ್ಲಿ ಒಣಗಿಸಿ ಮಡಿಸಿ ಗಾಯದ ಮೇಲಿಟ್ಟು, ಅನ್ನ ಬೇಯುವಷ್ಟು ಹೊತ್ತು ಅಂಗೈಯಿಂದ ಗಟ್ಟಿಯಾಗಿ ಒತ್ತಿ ಹಿಡಿಯಲಿ ಅತ್ತೆ. ನಡುವೆ ಎತ್ತಿ ನೋಡಬಾರದು. ಆಮೇಲೆ ಕಟ್ಟು ಹಾಕಿ ಕಾಲನ್ನು ಎತ್ತರದಲ್ಲಿ ಇಟ್ಟುಕೊಂಡು ಬಿಟ್ಟುಬಿಡಿ. ಉಳಿದದ್ದನ್ನು ರಕ್ತವೇ ಮಾಡಿಕೊಳ್ಳುತ್ತದೆ.

ಅಪ್ಪನ ಮಾತು ಓದಿ ಏನು ಬರೆಯಬೇಕೋ ತಿಳಿಯಲಿಲ್ಲ. ನನಗೆ ಇಲ್ಲಿ ವಾರ್ಡಿನಲ್ಲಿ ಬೆಳಗಿನ ಕೆಲಸ ಕೊಟ್ಟಿದ್ದಾರೆ. ಮೊದಲ ದಿನ ರಕ್ತ ಕಂಡು ಗೋಡೆ ಹಿಡಿದು ನಿಂತವಳು ಈಗ ಕೈ ನಡುಗದೆ ಕಟ್ಟು ಕಟ್ಟುತ್ತೇನೆ. ಈ ಕೆಲಸ ನನಗೆ ಬೇಕು ಮಾವ. ಅಪ್ಪನ ಮುಂದೆ ನಿಂತು ಹೀಗೆನ್ನಲು ನನಗೆ ಬಾಯಿ ಬರುವುದಿಲ್ಲ. ನಿಮಗೆ ಬರುತ್ತದೆ.

ಅವ್ವನಿಗೆ ನಾನು ಚೆನ್ನಾಗಿ ಊಟ ಮಾಡುತ್ತಿದ್ದೇನೆ ಎಂದು ಹೇಳಿ.

ನಿಮ್ಮ
ಗೌರಿ


ಗಾವಡಗೆರೆ
೨೭-೧೧-೧೯೩೬

ಚಿ|| ಗೌರಿಗೆ ಆಶೀರ್ವಾದ.

ಚಿರತೆಯ ಉಗುರು ಎಣಿಸುವ ಹುಡುಗಿಯನ್ನು ಒಂದು ಸಲ ಗಾವಡಗೆರೆಗೆ ಕಳಿಸು. ನನ್ನ ಚಿರತೆಗೆ ಒಂದೇ ಉಗುರು ಉಳಿದಿತ್ತು, ಉಳಿದವನ್ನು ನಾನು ಮೊದಲೇ ಮುರಿದಿದ್ದೆ.

ನಗುವ ಕಾಲವಲ್ಲ ಮಗಳೆ. ನೀನು ಹೇಳಿದ್ದನ್ನೆಲ್ಲ ಅಕ್ಷರ ತಪ್ಪದೆ ಮಾಡಿದ್ದೇವೆ. ನಿನ್ನ ಅತ್ತೆ ಬಟ್ಟೆ ಕುದಿಸಿ ಕುದಿಸಿ ಮನೆಯ ಸೌದೆ ಅರ್ಧ ಮುಗಿದಿದೆ. ಆದರೂ ಬೆಳಿಗ್ಗೆ ಸರಿಯಾಗಿರುವ ಗಾಯ ಸಂಜೆಗೆ ಮತ್ತೆ ಒಸರುತ್ತದೆ. ಬಟ್ಟೆ ಬಿಚ್ಚಿದರೆ ಕೆಂಪು. ಜನಕ್ಕೆ ಸಮಾಧಾನ ಹೇಳುವುದೇ ನನಗೆ ಕೆಲಸವಾಗಿದೆ. ಪಕ್ಕದ ಮನೆಯ ಚಿಕ್ಕಮಾದಯ್ಯ ಸಂತೆಯಿಂದ ನೇರವಾಗಿ ಇಲ್ಲಿಗೇ ಬಂದ. ಅಂಗಡಿ ಚನ್ನಬಸವಣ್ಣ ತನ್ನ ಬೀಗರನ್ನೆಲ್ಲ ಕರೆದುಕೊಂಡು ಬಂದ. ಮೊನ್ನೆ ಪಿರಿಯಾಪಟ್ಟಣದಿಂದ ಗುರುತು ಪರಿಚಯವಿಲ್ಲದ ಒಬ್ಬರು, "ಹುಲಿ ಕಡಿದೋರ ಮನೆ ಇದೇನಾ?" ಎಂದು ಕೇಳಿಕೊಂಡು ಬಂದರು. ಚಿರತೆ ಯಾವಾಗ ಹುಲಿಯಾಯಿತೋ ನನಗೂ ಗೊತ್ತಿಲ್ಲ, ಆದರೆ ಅಷ್ಟು ದೂರದಿಂದ ನಡೆದು ಬಂದವರನ್ನು ತಿದ್ದುವುದು ಮರ್ಯಾದೆಯೇ? ಬಂದವರೆಲ್ಲ ಬಹಳ ಕನಿಕರದಿಂದ ನೋಡಿ ಹೋಗುತ್ತಾರೆ.

ಬರೆಯಬಾರದೆಂದುಕೊಂಡಿದ್ದೆ, ಬರೆಯುತ್ತೇನೆ. ನಿನ್ನ ಕಾಗದವನ್ನು ನಿಮ್ಮಪ್ಪ ನನ್ನ ಕೈಯಿಂದ ಕಿತ್ತುಕೊಂಡು ಜಗಲಿಯಲ್ಲಿ ಎಲ್ಲರ ಮುಂದೆ ಓದಿದರು. ಆಮೇಲೆ ನನ್ನ ಕಾಲು ನೋಡಿದರು. "ಮಾವನ್ ಕಾಲ್ ರಕ್ತ ನಿಲ್ಸಕ್ಕಾಗ್ದೋಳು ಊರ್ನೋರ್ ರಕ್ತ ನಿಲ್ಲಿಸ್ತಾಳಾ? ಸಂಕ್ರಾಂತಿಗಂಟ ಯಾಕೆ ಕಾಯ್ಬೇಕು, ಒಂದಿನ ಓಗಿ ಪೆಟ್ಟಿಗೆ ಸಮೇತ ಕರ್ಕಂಡ್ ಬತ್ತೀನಿ" ಎಂದರು. ನಾನು ಎದ್ದು ನಿಂತು ನಿನ್ನ ಪರವಾಗಿ ದೊಡ್ಡ ಭಾಷಣ ಮಾಡಿದೆ. ಅದರಿಂದ ಅವರ ಹಟ ಹೆಚ್ಚಿತು. ಒಳಗೆ ನಿಮ್ಮವ್ವ ರೊಟ್ಟಿ ತಟ್ಟುತ್ತಿದ್ದಳು, ತಟ್ಟುವ ಸದ್ದು ನಿಂತುಹೋಯಿತು.

ಬೇರೆ ಏನಾದರೂ ಮದ್ದಿದ್ದರೆ ಬೇಗ ಬರೆ. ಇಂಗ್ಲಿಷ್ ಮದ್ದೇ ಆಗಲಿ.

ಇತಿ,
ಪುಟ್ಟಮಲ್ಲಪ್ಪ


ಮೈಸೂರು
೪-೧೨-೧೯೩೬

ಪೂಜ್ಯ ಮಾವನವರಿಗೆ ನಮಸ್ಕಾರಗಳು.

ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಮೊದಲ ಸಲ ಅಳು ಬಂತು. ಎರಡನೆಯ ಸಲ ಸಿಟ್ಟು ಬಂತು. ಒಂದೇ ಒಂದು ಪ್ರಶ್ನೆ ಕೇಳುತ್ತೇನೆ. ಬಂದವರೆಲ್ಲ ಕನಿಕರದಿಂದ ನೋಡಿ ಹೋಗುತ್ತಾರೆ ಎಂದಿರಿ. ಏನನ್ನು ನೋಡುತ್ತಾರೆ? ಕಟ್ಟನ್ನೋ, ಗಾಯವನ್ನೋ?

ಉತ್ತರ ನನಗೆ ಗೊತ್ತು. ಒಬ್ಬೊಬ್ಬರು ಬಂದಾಗಲೂ ಬಟ್ಟೆ ಎತ್ತಿ ತೋರಿಸುತ್ತಿದ್ದೀರಿ.

ಮಾವ, ನೀವು ಎತ್ತುತ್ತಿರುವುದು ಏನೆಂದು ತಿಳಿಯಬೇಕು. ಮೊನ್ನೆ ನಮಗೆ ಪಾಠ ಹೇಳುವ ಡಾಕ್ಟರಮ್ಮನವರು ಗಾಜಿನ ಮೇಲೆ ಒಂದು ಹನಿ ರಕ್ತ ಬಿಟ್ಟು ಅದರೊಳಗೆ ಸೂಜಿ ಆಡಿಸಿದರು. ಸೂಜಿಗೆ ಏನೂ ಹತ್ತಲಿಲ್ಲ. ಸ್ವಲ್ಪ ಹೊತ್ತು ಕಾದು ಮತ್ತೆ ಆಡಿಸಿದರು. ಈ ಸಲ ಸೂಜಿಯ ಮೊನೆಗೆ ಕೂದಲಿನಂಥ ಒಂದು ಎಳೆ ಅಂಟಿಕೊಂಡು ಬಂತು. ನಾವೆಲ್ಲ ಮುಂದೆ ಬಾಗಿ ನೋಡಿದೆವು. ಆ ಎಳೆ ಎಲ್ಲಿಂದಲೂ ತಂದದ್ದಲ್ಲ, ರಕ್ತದಲ್ಲೇ ಕಾಣದಂತೆ ಕರಗಿಕೊಂಡು ಇದ್ದದ್ದು.

ರಕ್ತ ಹರಿಯುವ ನಾಳದ ಒಳಮೈ ಬಹಳ ನಯ. ಅದು ನಯವಾಗಿರುವವರೆಗೆ ರಕ್ತ ಎಲ್ಲೂ ನಿಲ್ಲುವುದಿಲ್ಲ. ನಾಳ ಕತ್ತರಿಸಿದ ಕೂಡಲೇ ಮೊದಲು ನಾಳವೇ ಮೈಯನ್ನು ಬಿಗಿಹಿಡಿದು ಸಣ್ಣದಾಗುತ್ತದೆ, ಹರಿಯುವುದು ಕಡಿಮೆಯಾಗುತ್ತದೆ. ನಯವಾದ ಒಳಪೊರೆ ಹರಿದಲ್ಲಿ ಅದರಡಿಯ ಒರಟು ಹೊರಬೀಳುತ್ತದೆ. ರಕ್ತದಲ್ಲಿ ಕೆಂಪು ಕಣಗಳ ನಡುವೆ ಅವಕ್ಕಿಂತ ಬಹಳ ಚಿಕ್ಕ ಬಿಲ್ಲೆಗಳು ಹೋಗುತ್ತಿರುತ್ತವೆ. ಅವು ಆ ಒರಟಿಗೆ ತಾಗಿದ್ದೇ ತಡ, ಅಂಟಂಟಾಗಿ ಅಲ್ಲೇ ನಿಲ್ಲುತ್ತವೆ. ನಿಂತವು ತಮ್ಮಿಂದ ಏನನ್ನೋ ಹೊರಗೆ ಬಿಟ್ಟು ಹಿಂದೆ ಬರುವವನ್ನೂ ನಿಲ್ಲಿಸಿಕೊಳ್ಳುತ್ತವೆ. ಒಂದರ ಮೇಲೊಂದು ಸೇರಿ ತೂತಿಗೆ ಬಿರಡೆಯಾಗುತ್ತದೆ. ಆದರೆ ಅದು ಮೆತ್ತನೆಯದು, ಮುಟ್ಟಿದರೆ ಸಡಿಲ. ಅದನ್ನು ಗಟ್ಟಿ ಮಾಡುವುದು ನಾವು ಸೂಜಿಯಲ್ಲಿ ಕಂಡ ಎಳೆಗಳು. ಅವು ಬಿರಡೆಯ ಸುತ್ತ ಬಲೆಯಂತೆ ಹೆಣೆದುಕೊಳ್ಳುತ್ತವೆ, ಬಲೆಗೆ ಕೆಂಪು ಕಣಗಳು ಸಿಕ್ಕಿಬೀಳುತ್ತವೆ, ಎಲ್ಲ ಸೇರಿ ಹೆಪ್ಪಾಗುತ್ತದೆ. ಆಮೇಲೆ ಆ ಬಲೆ ತಾನೇ ಬಿಗಿದುಕೊಂಡು ಗಾಯದ ಎರಡು ಅಂಚನ್ನೂ ಹತ್ತಿರ ಎಳೆಯುತ್ತದೆ. ಅದರ ಮರೆಯಲ್ಲಿ ಹೊಸ ಮಾಂಸ ಬೆಳೆಯಬೇಕು. ಅದಕ್ಕೆ ಹೊತ್ತು ಬೇಕು.

ಆ ಎಳೆಗಳು ನಿಮ್ಮ ಕಟ್ಟಿನ ನೂಲನ್ನೂ ಹಿಡಿದುಕೊಂಡಿರುತ್ತವೆ. ನೀವು ಚನ್ನಬಸವಣ್ಣನವರ ಬೀಗರಿಗೆಂದು ಬಟ್ಟೆ ಎತ್ತಿದಾಗ ಬಟ್ಟೆಯೊಂದೇ ಮೇಲೆ ಬರುವುದಿಲ್ಲ. ಇಡೀ ರಾತ್ರಿ ನಿಮ್ಮ ಮೈ ಕಟ್ಟಿದ್ದನ್ನು ಕಿತ್ತು ಅವರ ಮುಂದೆ ಇಡುತ್ತೀರಿ. ಮೈ ಮತ್ತೆ ಮೊದಲಿನಿಂದ ಶುರು ಮಾಡುತ್ತದೆ. ಬೇಸರ ಪಡುವುದಿಲ್ಲ ಅದು. ಆದರೆ ಹೀಗೇ ತೆರೆದಿಟ್ಟರೆ ಗಾಯ ಕೀವಾಗುತ್ತದೆ. ಕೀವಾದ ಕಾಲುಗಳನ್ನು ನಾನು ಇಲ್ಲಿ ನೋಡಿದ್ದೇನೆ, ಅದನ್ನು ಬರೆಯುವುದಿಲ್ಲ.

ಬೇರೆ ಮದ್ದಿಲ್ಲ. ಇಂಗ್ಲಿಷ್ ಮದ್ದೂ ಇಲ್ಲ. ಕಟ್ಟು ಬಿಚ್ಚಬೇಡಿ.

ಅಪ್ಪ ಬಂದರೆ ನಾನು ಪೆಟ್ಟಿಗೆ ಕಟ್ಟಿಕೊಂಡು ಅವರ ಹಿಂದೆ ಬರುತ್ತೇನೆ. ಅವರ ಮಾತು ಮೀರುವ ಧೈರ್ಯ ನನಗಿಲ್ಲ. ಹೀಗೆ ಬರುವುದು ನಿಮ್ಮ ಹುಲಿಯ ಕಾರಣಕ್ಕೆ ಎಂದು ಮಾತ್ರ ನನಗೆ ಗೊತ್ತಿರುತ್ತದೆ.

ಗೌರಿ


ಗಾವಡಗೆರೆ
೧೦-೧೨-೧೯೩೬

ಚಿ|| ಗೌರಿಗೆ,

ನಿನ್ನ ಕಾಗದದ ಕೊನೆಯಲ್ಲಿ "ನಿಮ್ಮ" ಎಂಬುದನ್ನು ಬಿಟ್ಟು ಬರೀ "ಗೌರಿ" ಎಂದು ಬರೆದಿದ್ದೀಯೆ. ಕಂಡಿತು.

ಹುಲಿಯಿಲ್ಲ. ಚಿರತೆಯೂ ಇಲ್ಲ. ಹಿತ್ತಲಿನಲ್ಲಿ ಮಚ್ಚಿನಿಂದ ಬಿದಿರು ಸೀಳುತ್ತಿದ್ದೆ. ಒಂದು ಕಾಲದಲ್ಲಿ ಕಾಡಿನಲ್ಲಿ ಚಿರತೆ ಹೇಗೆ ಹಾರಿತ್ತು ಎಂದು ಚಿಕ್ಕಮಾದಯ್ಯನಿಗೆ ಮಚ್ಚನ್ನೇ ಬೀಸಿ ತೋರಿಸಲು ಹೋದೆ. ಚಿಕ್ಕಮಾದಯ್ಯ ಇಷ್ಟು ದಿನ ಬಾಯಿ ಬಿಟ್ಟಿಲ್ಲ, ಒಳ್ಳೆಯವನು.

ರಕ್ತದ ವಿಚಾರ ನೀನು ಬರೆದದ್ದು ನನಗೆ ಪೂರ್ತಿ ಅರ್ಥವಾಯಿತು. ನಮ್ಮ ಬೀದಿಯಲ್ಲಿ ಜಗಳವಾದಂತೆ ಅದು. ಎಲ್ಲ ಮನೆ ಬಾಗಿಲು ಮುಚ್ಚಿ ನೆಟ್ಟಗಿದ್ದರೆ ಜನ ತಮ್ಮಷ್ಟಕ್ಕೆ ಸಂತೆಗೆ ಹೋಗುತ್ತಾರೆ. ಎಲ್ಲೋ ಒಂದು ಗೋಡೆ ಬಿತ್ತು, ಒಳಗಿನದು ಕಂಡಿತು ಎನ್ನು, ಮೊದಲು ಬಂದ ಇಬ್ಬರು ಅಂಟಿಕೊಂಡು ನಿಲ್ಲುತ್ತಾರೆ. ಅವರು "ಬನ್ರೋ, ಬನ್ರೋ" ಎಂದು ಹಿಂದಿನವರನ್ನು ಕೂಗುತ್ತಾರೆ. ಬೀದಿ ಕಟ್ಟಿಕೊಂಡು ಆಚೆಗೆ ಒಂದು ನಾಯಿ ನುಗ್ಗಲೂ ದಾರಿ ಇರುವುದಿಲ್ಲ. ಆಮೇಲೆ ಹಗ್ಗ ಹಿಡಿದವರು ಬಂದು ಬಿಗಿಯುತ್ತಾರೆ. ಸರಿಯೋ? ಇದನ್ನು ನಿಮ್ಮ ಡಾಕ್ಟರಮ್ಮನಿಗೆ ಹೇಳು. ನಾನು ಹೇಳಿದ್ದೆಂದು ಹೇಳು.

ಕಟ್ಟು ಬಿಗಿಯಾಗಿದೆ, ಮುಟ್ಟಿಲ್ಲ. ಆದರೆ ನಿಮ್ಮಪ್ಪನದು ಬೇರೆ ಕಾಯಿಲೆ. ನಾನು ಮಳೆ ಬರುತ್ತದೆ ಎಂದರೆ ಅವರು ಹುರುಳಿಯನ್ನು ಬಿಸಿಲಿಗೆ ಹರಡುತ್ತಾರೆ. ನಾನು ನಿನ್ನ ಪರ ಮಾತಾಡಿದಷ್ಟೂ ಅವರು ಮೈಸೂರಿಗೆ ಹೊರಡುವ ದಿನ ಹತ್ತಿರವಾಗುತ್ತದೆ. ಇದು ನನಗೆ ಇಷ್ಟು ತಡವಾಗಿ ಹೊಳೆದದ್ದು ನಾಚಿಕೆಗೇಡು. ಈಗ ಹೊಳೆದಿದೆ.

ಮುಂದೆ ನನ್ನ ಬಗ್ಗೆ ಏನಾದರೂ ಕೇಳಿಬಂದರೆ ಅಳಬೇಡ.

ನಿನ್ನ ಮಾವ


ಗಾವಡಗೆರೆ
೧೮-೧೨-೧೯೩೬

ಚಿ|| ಮಂಗಳಗೌರಿಗೆ ತಂದೆ ಮಹದೇವಪ್ಪನ ಆಶೀರ್ವಾದ.

ನಿನ್ನ ಸೋದರಮಾವನಿಗೆ ತಲೆ ಕೆಟ್ಟಿದೆ. ಎಂಟು ದಿನದಿಂದ ಚನ್ನಬಸವಣ್ಣನ ಅಂಗಡಿ ಮುಂದೆ ಕೂತು ನಿನ್ನ ವಿದ್ಯೆಯನ್ನು ಬಾಯಿಗೆ ಬಂದಂತೆ ಆಡಿಕೊಳ್ಳುತ್ತಿದ್ದಾನೆ. ಆಸ್ಪತ್ರೆಯಲ್ಲಿ ಏನೂ ಕಲಿಸುವುದಿಲ್ಲವಂತೆ, ರಕ್ತ ತಾನಾಗಿ ಕಟ್ಟಿಕೊಳ್ಳುತ್ತದೆ ಎಂಬುದು ಹುಡುಗಿಯರ ಮಾತಂತೆ, ಕಟ್ಟು ಬಿಚ್ಚಿದ ದಿನ ಮತ್ತೆ ಹರಿಯದಿದ್ದರೆ ತನ್ನ ಹೆಸರು ಬದಲಿಸುತ್ತಾನಂತೆ. ನಿನ್ನನ್ನು ಕಳಿಸೆಂದು ನನ್ನ ಪ್ರಾಣ ತಿಂದವನು ಇವನೇ.

ನನ್ನ ಮಗಳ ಮಾತನ್ನು ಬೀದಿಯಲ್ಲಿ ಹೀಗೆ ಆಡಿಕೊಳ್ಳಲು ಇವನು ಯಾರು? ಕಟ್ಟು ಬಿಚ್ಚಿದ ದಿನ ಒಂದು ಹನಿ ಬರುವುದಿಲ್ಲವೆಂದು ನಾಲ್ಕು ಜನರ ಮುಂದೆ ಪಂಥ ಕಟ್ಟಿದ್ದೇನೆ. ಅವನು ಕೈಯಾಡಿಸದಂತೆ ಅವನ ಮಂಚವನ್ನು ನಮ್ಮ ಜಗಲಿಗೆ ತರಿಸಿಕೊಂಡಿದ್ದೇನೆ. ಯಾರು ಬಂದರೂ ದೂರದಿಂದಲೇ ಮಾತಾಡಿಸಿ ಹೋಗಬೇಕು.

ಆದ್ದರಿಂದ ನೀನು ಕೂಡಲೇ ಬರೆಯತಕ್ಕದ್ದು. ಕಟ್ಟನ್ನು ಯಾವಾಗ ಬಿಚ್ಚಬೇಕು, ಹೇಗೆ ಬಿಚ್ಚಬೇಕು, ಬಟ್ಟೆ ಅಂಟಿಕೊಂಡಿದ್ದರೆ ಏನು ಮಾಡಬೇಕು. ಸ್ಪಷ್ಟವಾಗಿ ಬರೆ. ನಾನೇ ಮಾಡುತ್ತೇನೆ, ಇವನ ಕೈಗೆ ಕೊಡುವುದಿಲ್ಲ. ನಿನ್ನ ಹಿಂದಿನ ಕಾಗದ ಅವನ ದಿಂಬಿನಡಿಯಲ್ಲಿ ಸಿಕ್ಕಿತು, ಓದಿದೆ. ಸೂಜಿಗೆ ಎಳೆ ಬಂದದ್ದು ನಿಜವೋ?

ಮೈಸೂರಿಗೆ ಬರುವ ವಿಚಾರ ಈ ಕೆಲಸ ಮುಗಿದ ಮೇಲೆ ನೋಡೋಣ. ಅಲ್ಲಿ ಚಳಿ ಹೇಗಿದೆ?

ಮಹದೇವಪ್ಪ


ಗಾವಡಗೆರೆ
೭-೧-೧೯೩೭

ಚಿ|| ಮಂಗಳಗೌರಿಗೆ ಸೋತ ಮಾವನ ಆಶೀರ್ವಾದ.

ನಿನ್ನೆ ಕಟ್ಟು ಬಿಚ್ಚಿದೆವು. ಬಿಚ್ಚಿದೆವು ಎನ್ನುವುದು ತಪ್ಪು, ನಿಮ್ಮಪ್ಪ ಬಿಚ್ಚಿದರು. ನಾನು ಮಂಚದ ಮೇಲೆ ಹರಕೆ ಕುರಿಯಂತೆ ಮಲಗಿದ್ದೆ.

ಇಷ್ಟು ದಿನ ಅವರು ನನ್ನನ್ನು ಕಾದದ್ದನ್ನು ಮೊದಲು ಹೇಳಬೇಕು. ಕಾಲು ತುರಿಸಿಕೊಳ್ಳಲು ಕೈ ಚಾಚಿದರೆ, "ತೆಗೀಲಾ ಕೈಯ" ಎಂದು ಗದರಿಕೆ. ಸರಗೂರಿನಿಂದ ಹುಲಿಯ ಗಾಯ ನೋಡಲು ಬಂದವರೊಬ್ಬರನ್ನು ಮೆಟ್ಟಿಲ ಮೇಲೇ ತಡೆದು, "ಇಲ್ಲಿ ಹುಲೀನೂ ಇಲ್ಲ ಗಿಲೀನೂ ಇಲ್ಲ, ಒಳಗೆ ರಕ್ತ ಎಳೆ ಬುಡ್ತಾ ಅದೆ, ಸದ್ದು ಮಾಡ್ಬ್ಯಾಡಿ ನಡೀರಿ" ಎಂದರು. ಎಳೆ ಬಿಡುವುದಕ್ಕೂ ಸದ್ದಿಗೂ ಏನು ಸಂಬಂಧವೋ. ಆ ಮನುಷ್ಯ ಅಷ್ಟು ದೂರ ಬಂದು ಗಾಯ ನೋಡದೆ ಹೋದದ್ದಕ್ಕೆ ನನಗೆ ಸಂಕಟವಾಯಿತು, ಆದರೂ ಕಟ್ಟು ಮುಟ್ಟಲಿಲ್ಲ. ಅಷ್ಟು ಕಷ್ಟದ ಕೆಲಸವನ್ನು ನಾನು ಜನ್ಮದಲ್ಲಿ ಮಾಡಿಲ್ಲ.

ನಿನ್ನೆ ಜಗಲಿ ತುಂಬ ಜನ. ನಿಮ್ಮಪ್ಪ ಕೈಯನ್ನು ಮೊಣಕೈವರೆಗೆ ಸೋಪು ಹಾಕಿ ತೊಳೆದರು. ನೀನು ಅವರಿಗೆ ಬರೆದ ಕಾಗದವನ್ನು ಚನ್ನಬಸವಣ್ಣನ ಕೈಗೆ ಕೊಟ್ಟು, "ಓದಪ್ಪ ನೀನು, ಒಂದ್ ಸಾಲ್ ಓದು, ನಿಲ್ಸು" ಎಂದರು. ಅವನು ಒಂದು ಸಾಲು ಓದುವುದು, ಇವರು ಅಷ್ಟನ್ನು ಮಾಡುವುದು. ಕುದಿಸಿ ಆರಿಸಿದ ನೀರನ್ನು ಬಟ್ಟೆಯ ಮೇಲೆ ಹನಿಹನಿಯಾಗಿ ಬಿಟ್ಟರು. ಬಟ್ಟೆ ನೆನೆಯುವವರೆಗೆ ಕಾದರು. ಚಿಕ್ಕಮಾದಯ್ಯನಿಗೆ ತಡೆಯಲಾಗಲಿಲ್ಲ. "ಎಳೀರಣ್ಣ ಅತ್ಲಾಗೆ" ಎಂದ. ನಿಮ್ಮಪ್ಪ ತಲೆ ಎತ್ತದೆ, "ಎಳದ್ರೆ ಬಲೆ ಕಿತ್ತು ಬತ್ತದೆ ಕಣ್ಲಾ. ನಿಂಗೇನ್ ಗೊತ್ತು" ಎಂದರು.

ನಾನು ನನ್ನ ಪಾಲಿನ ಕೆಲಸ ಬಿಡಲಿಲ್ಲ. "ಬತ್ತದೆ ನೋಡಿ ಈಗ, ಬತ್ತದೆ ರಕ್ತ. ಹುಡುಗೀರ್ ಮಾತ್ ಕೇಳಿ ಕೆಟ್ರಿ ಭಾವ" ಎಂದು ಕೂಗುತ್ತಲೇ ಇದ್ದೆ. ಒಳಗೆ ಮಾತ್ರ ನನಗೆ ಬೇರೆಯೇ ಭಯ. ಒಂದು ಹನಿ ಬಂದಿದ್ದರೂ ನಾನು ಪಂಥ ಗೆಲ್ಲುತ್ತಿದ್ದೆ.

ಕೊನೆಯ ಸುತ್ತು ತಾನಾಗಿ ಜಾರಿತು. ಕಪ್ಪು ಹಕ್ಕಳೆಯೂ ಅದರ ಜೊತೆ ಸಡಿಲವಾಗಿ ಬಂತು. ಅದರಡಿಯಲ್ಲಿ ಎಳೆಗೂಸಿನ ಮೈಯಂಥ ಒಂದು ಗೆರೆ. ಒಣಗಿದ್ದು. ನಿಮ್ಮಪ್ಪ ಬಿಳಿ ಬಟ್ಟೆಯನ್ನು ಅದರ ಮೇಲೆ ಮೆಲ್ಲಗೆ ಒತ್ತಿ ತೆಗೆದು, ಬೆಳಕಿಗೆ ಹಿಡಿದು ನೋಡಿದರು. ತಿರುಗಿಸಿ ನೋಡಿದರು. ಆಮೇಲೆ ಅದನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, "ನೋಡ್ರಪ್ಪ. ನನ್ ಮಗಳು ಬರ್ದಿದ್ದು" ಎಂದರು. ನನ್ನ ಕಾಲನ್ನು ಇನ್ನೊಂದು ಸಲ ತೊಳೆದರು. ತೊಳೆಯುವ ಅಗತ್ಯವೇನೂ ಇರಲಿಲ್ಲ.

ಚಿಕ್ಕಮಾದಯ್ಯನೇ ಕೇಳಿದ, "ಅಂಗಾರೆ ಸಂಕ್ರಾಂತಿಗೆ ಬಂದೋಳು ವಾಪಸ್ ಓಯ್ತಾಳಾ?"

"ಓಗ್ದೆ ಏನು?" ಎಂದರು ನಿಮ್ಮಪ್ಪ. "ನಿಮ್ ಕೈಕಾಲೆಲ್ಲಾ ಆಮೇಲ್ ಯಾರ್ ನೋಡ್ತಾರೆ, ಇವ್ನಾ?"

ಇವನು ಎಂದರೆ ನಾನು. ಎಲ್ಲರೂ ನಕ್ಕರು. ನಿಮ್ಮವ್ವ ಒಳಗಿನಿಂದ ಬಂದು, ಅವಳು ಗಂಡನ ಮುಂದೆ ಜಗಲಿಗೆ ಬಂದದ್ದನ್ನು ನಾನು ನೋಡಿಯೇ ಇರಲಿಲ್ಲ, ನನ್ನ ಕೈಗೆ ಒಂದು ಲೋಟ ಬೆಲ್ಲದ ಪಾನಕ ಕೊಟ್ಟಳು. ಸೋತವನಿಗೆ ಯಾರಾದರೂ ಪಾನಕ ಕೊಡುತ್ತಾರೆಯೇ? ಅವಳಿಗೆ ಎಷ್ಟು ಗೊತ್ತಾಗಿದೆಯೋ ಕೇಳಲು ನನಗೆ ಧೈರ್ಯವಾಗಲಿಲ್ಲ.

ಹಬ್ಬಕ್ಕೆ ಬಾ. ನಿಮ್ಮಪ್ಪ ಹುಣಸೂರಿನ ಬಸ್ಸಿನ ಹತ್ತಿರ ಗಾಡಿ ತರುತ್ತಾರೆ. ಹಬ್ಬ ಮುಗಿದ ಮೇಲೆ ಅದೇ ಗಾಡಿಯಲ್ಲಿ ಬಸ್ಸಿಗೆ ಬಿಡುತ್ತಾರೆ. ನನ್ನ ಬಗ್ಗೆ ಅವರೇನಾದರೂ ಬೈದರೆ ನೀನೂ ಸ್ವಲ್ಪ ಸೇರಿಸಿ ಬೈ, ಅವರಿಗೆ ಸಂತೋಷವಾಗುತ್ತದೆ.

ಇತಿ, ನಿನ್ನ ವಿದ್ಯೆಯ ಪರಮ ವೈರಿ,
ಪುಟ್ಟಮಲ್ಲಪ್ಪ

ವಿ.ಸೂ.: ಪಂಥದ ಹಣವನ್ನು ನಿಮ್ಮಪ್ಪ ಇಟ್ಟುಕೊಳ್ಳಲಿಲ್ಲ. ಚಳಿಗೆ ಒಂದು ಒಳ್ಳೆಯ ಶಾಲು, ಕಾಲಿಗೆ ಜೋಡು ತೆಗೆದುಕೊಳ್ಳಲೆಂದು ಈ ದಿನವೇ ನಿನಗೆ ಮನಿಯಾರ್ಡರ್ ಮಾಡಿದ್ದಾರೆ. ನಾನು ಸೋತದ್ದು ಎಂಟಾಣೆ ಎಂದು ನಿನ್ನ ಅತ್ತೆಗೆ ಹೇಳಿದ್ದೇನೆ. ಅಂಗಡಿಯಲ್ಲಿ ಎರಡು ರೂಪಾಯಿ ಎಂದಿದ್ದೇನೆ. ಎಂಟಾಣೆಯ ಪಂಥಕ್ಕೆ ನಿಮ್ಮಪ್ಪ ಜಗಲಿಯಿಂದ ಏಳುವವರಲ್ಲ, ಅವರ ಸಿಟ್ಟು ಏರುವಷ್ಟು ಇಡಬೇಕಿತ್ತು. ಮನಿಯಾರ್ಡರ್ ಬಂದಾಗ ನಿನಗೆ ಹೇಗೂ ನಿಜ ತಿಳಿಯುತ್ತದೆ. ಅತ್ತೆಗೆ ಹೇಳಬೇಡ, ಬಿದಿರು ಮಾರಿದ್ದೆಲ್ಲ ಅದೇ. ಹದಿನೆಂಟು ರೂಪಾಯಿ.